‘ರಕ್ಷಣೆ’ ಎಂಬ ಪದದ ಬಗ್ಗೆ ನಮ್ಮ ಆಕ್ಷೇಪಣೆ

‘ಅಂಜದೀವ: ಬಂದರಿನ ರಕ್ಷಣೆಗಾಗಿ ಪೋರ್ತುಗೀಸರು ಕಟ್ಟಿದ ದ್ವೀಪದುರ್ಗ.’ ಈ ಒಂದು ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳಿಂದ ಎರಡು ಸಲ ಓದಿಸಿ, ಪರೀಕ್ಷೆಯಲ್ಲಿ ಅದನ್ನೇ ಕೇಳಿ, ಅದಕ್ಕೇ ಅಂಕವಿತ್ತು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಆ ಅಪರಾಧದಲ್ಲಿ ನಾವೂ ಪಾಲುದಾರರು. ಕಳೆದ ವರ್ಷ ನಮ್ಮ ತರಗತಿಯ ಬಾಲಕಿಯೊಬ್ಬಳು ಎದ್ದು ನಿಂತು, ‘ಯಾರಿಂದ ರಕ್ಷಣೆ, ಗುರುಗಳೇ?’ ಎಂದು ಕೇಳಿದಳು. ‘ಶತ್ರುಗಳಿಂದ’ ಎಂದು ಹೇಳಿ ಕುಳ್ಳಿರಿಸಿದೆವು. ಆ ಉತ್ತರಕ್ಕಾಗಿ ನಾಚಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಆ ಬಾಲಕಿಯ ಮನೆತನ ವಿಜಯಪುರದ ಕಡೆಯದು. ವಾಳಪೈಯಲ್ಲಿ ಕನ್ನಡ ಕಲಿಯುವ ಮಕ್ಕಳಲ್ಲಿ ಅನೇಕರ ಹಿರಿಯರು ಹೀಗೆಯೇ ಘಟ್ಟವಿಳಿದು ಬಂದವರು. ಈಗ ಉತ್ತರವನ್ನು ಹುಡುಕೋಣ. 1505ರಲ್ಲಿ ಫ್ರಾನ್ಸಿಸ್ಕೋ ದ ಅಲ್ಮೇಯ್ದ ಅಂಜದೀವದಲ್ಲಿ ಮೊದಲ ಕೋಟೆಯನ್ನು ಎಬ್ಬಿಸಿದಾಗ ಗೋವೆ ಯಾರ ಕೈಯಲ್ಲಿತ್ತು? ವಿಜಯಪುರದ ಆದಿಲಶಾಹನ ಕೈಯಲ್ಲಿ. ಅಂದರೆ, ‘ಶತ್ರು’ ಎಂದು ನಾವು ತೋರಿಸಿದ್ದು ಆ ಮಗುವಿನ ಅಜ್ಜನ ಊರನ್ನು! ಆದಿಲಶಾಹನು ಧರ್ಮಾತ್ಮನೆಂದು ನಾವು ವಾದಿಸುತ್ತಿಲ್ಲ. ಬಂದರಿನ ಸುಂಕದ ಮೇಲೆ ಅವನಿಗೂ ಕಣ್ಣಿತ್ತು. ಆದರೆ ದಡ ಒಬ್ಬನದು, ಕೋಟೆ ಮತ್ತೊಬ್ಬನದು ಎಂದಾಗ, ಕೋಟೆಯವನು ದಡವನ್ನು ‘ರಕ್ಷಿಸಿದ’ ಎಂದು ಬರೆಯುವುದು ಯಾವ ವ್ಯಾಕರಣ?

ದ್ವೀಪದ ಕಥೆ ಅಲ್ಲಿಂದ ಆರಂಭವಾದುದೂ ಅಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ, ನೆಲಕ್ಕೆ ಸಮೀಪದ ಒಂದು ಪುಟ್ಟ ದ್ವೀಪವನ್ನು ವರ್ಣಿಸಿದ್ದಾನೆ: ದೇವಾಲಯ, ತೋಟ, ನೀರಿನ ಕೊಳ, ಗೋಡೆಗೊರಗಿ ಕುಳಿತ ಒಬ್ಬ ಜೋಗಿ. ಅದು ಅಂಜದೀವವೇ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಅಂಕೋಲೆಯ ಆರ್ಯಾದುರ್ಗೆ ಮೂಲತಃ ಈ ದ್ವೀಪದ ದೇವಿಯೆಂದೂ, ಅಲ್ಲಿಂದ ಅವಳನ್ನು ದಡಕ್ಕೆ ತಂದರೆಂದೂ ಅಲ್ಲಿನ ಜನರ ನಂಬಿಕೆ. 1498ರ ಸೆಪ್ಟೆಂಬರಿನಲ್ಲಿ ವಾಸ್ಕೋ ದ ಗಾಮ ಮರಳುದಾರಿಯಲ್ಲಿ ಇಲ್ಲಿ ತಂಗಿದ್ದೇಕೆ? ಸಿಹಿನೀರಿಗಾಗಿ, ಹಡಗುಗಳ ತಳವನ್ನು ಕೆರೆದು ಸರಿಪಡಿಸಿಕೊಳ್ಳುವುದಕ್ಕಾಗಿ. ಎರಡು ವರ್ಷಗಳ ಅನಂತರ ಕಬ್ರಾಲನೂ ಇಲ್ಲಿಯೇ ನಿಂತ. ಆ ನೀರು, ಆ ಗಾಳಿಮರೆ, ಇವುಗಳೇ ಅವರಿಗೆ ಬೇಕಾದುದು. ಬಂದರು ಎಂಬ ಮಾತಿಗೆ ಇಷ್ಟೇ ಅರ್ಥವಾದರೆ, ಅವರು ರಕ್ಷಿಸಿಕೊಂಡದ್ದು ತಮ್ಮ ಹಡಗುಗಳನ್ನು.

ಅದನ್ನಾದರೂ ರಕ್ಷಿಸಿತೇ? 1506ರಲ್ಲಿ ಗೋವೆಯ ಕಡೆಯಿಂದ ಬಂದ ನೌಕಾಪಡೆ ಕೋಟೆಯನ್ನು ಮುತ್ತಿತು. ಕೋಟೆ ಬೀಳಲಿಲ್ಲ, ನಿಜ. ಆದರೆ ಬಹುಬೇಗನೆ ಕಟ್ಟಿದವರೇ ಅದನ್ನು ಕೆಡವಿ ಹೊರಟುಹೋದರು. ತನ್ನನ್ನು ಕಾಯಲಿಕ್ಕೇ ಮತ್ತೊಂದು ನೌಕಾಪಡೆ ಬೇಕೆನ್ನುವ ಕೋಟೆಯನ್ನು ಯಾರು ತಾನೇ ಸಾಕುತ್ತಾರೆ! ಮುಂದೆ 1661ರ ವಿವಾಹ ಒಪ್ಪಂದದಂತೆ ಮುಂಬಯಿಯನ್ನು ಪಡೆಯಲು ಬಂದ ಇಂಗ್ಲಿಷರಿಗೆ ಪೋರ್ತುಗೀಸ್ ಅಧಿಕಾರಿಗಳು ಅದನ್ನು ಬಿಟ್ಟುಕೊಡದೆ ಹೋದಾಗ, ಅಬ್ರಹಾಂ ಶಿಪ್‌ಮನ್ ಎಂಬವನು ಸುಮಾರು ಐನೂರು ಸೈನಿಕರೊಡನೆ ಈ ದ್ವೀಪದಲ್ಲಿ ಬೀಡುಬಿಟ್ಟ. ಜ್ವರವೂ ರೋಗಗಳೂ ಅವರನ್ನು ತಿಂದವು. 1664ರಲ್ಲಿ ಶಿಪ್‌ಮನ್ನನೂ ಇಲ್ಲಿಯೇ ಸತ್ತ. 1665ರಲ್ಲಿ ಮುಂಬಯಿಯನ್ನು ವಶಕ್ಕೆ ತೆಗೆದುಕೊಂಡಾಗ ಉಳಿದಿದ್ದವರು ನೂರರ ಆಸುಪಾಸು. ದೊರೆಗಳು ಕಾಗದದ ಮೇಲೆ ಊರನ್ನು ಕೊಟ್ಟು ತೆಗೆದುಕೊಂಡರು; ಅದರ ಬೆಲೆಯನ್ನು ಹಳ್ಳಿಯ ಬಡ ಇಂಗ್ಲಿಷ್ ಹುಡುಗರು ತೆತ್ತರು. ಈ ಭಾಗವನ್ನು ಯಾವ ಉಪಾಧ್ಯಾಯರೂ ಹೇಳುವುದನ್ನು ನಾವು ಕೇಳಿಲ್ಲ.

ಇಂದು ಅವಶೇಷವಾಗಿರುವ ಕೋಟೆ 1682ರದು. ಸಂಭಾಜಿ ಈ ದ್ವೀಪವನ್ನು ಹಿಡಿದು ಬಲಪಡಿಸುವ ಯೋಚನೆಯಲ್ಲಿದ್ದನೆಂದು ತಿಳಿದು, ಅವನಿಗಿಂತ ಮೊದಲೇ ಪೋರ್ತುಗೀಸರು ಅಲ್ಲಿ ಗೋಡೆ ಎಬ್ಬಿಸಿದರು. ಎದುರಿನ ಕಾರವಾರವಾಗಲಿ, ಅದರ ಮೆಣಸಿನ ವ್ಯಾಪಾರವಾಗಲಿ ಆಗ ಅವರದಾಗಿರಲಿಲ್ಲ. ನೆರೆಮನೆಯವನ ಬಾಗಿಲಿನೆದುರು ಕಟ್ಟೆ ಕಟ್ಟಿ, ಅವನು ಹೊರಗೆ ಕಾಲಿಡದಂತೆ ಕುಳಿತವನನ್ನು ನಾವು ಮನೆಗಾವಲಿನವನೆಂದು ಕರೆಯುತ್ತೇವೆಯೇ?

ಕೊನೆಯ ಸಾಕ್ಷ್ಯ ನಮ್ಮ ಹಿರಿಯರ ಕಾಲದ್ದು. 1961ರ ನವೆಂಬರಿನಲ್ಲಿ ಇದೇ ದ್ವೀಪದಿಂದ ‘ಸಾಬರಮತಿ’ ಹಡಗಿನ ಮೇಲೆ ಗುಂಡು ಹಾರಿತು. ಮೀನುಗಾರರ ದೋಣಿಯ ಮೇಲೂ ಹಾರಿತು, ಒಬ್ಬ ಮೀನುಗಾರ ಸತ್ತ. ಯಾವ ಬಂದರನ್ನು ಕೋಟೆ ರಕ್ಷಿಸುತ್ತಿತ್ತೆಂದು ನಾವು ಕಲಿಸುತ್ತಿದ್ದೇವೋ ಅದೇ ಕರಾವಳಿಯ ಬೆಸ್ತನ ಎದೆಗೆ ಆ ರಕ್ಷಣೆ ತಗುಲಿತು. ಡಿಸೆಂಬರ್ 18ರಂದು ‘ತ್ರಿಶೂಲ’ದಿಂದ ನಮ್ಮ ನಾವಿಕರು ದ್ವೀಪಕ್ಕಿಳಿದರು, ‘ಮೈಸೂರು’ ಹಡಗು ಬೆಂಬಲಕ್ಕಿತ್ತು. ಬಿಳಿಯ ಬಾವುಟ ಕಂಡು ಮುಂದುವರಿದವರ ಮೇಲೆ ಗುಂಡಿನ ಮಳೆ ಸುರಿಯಿತೆಂದು ನೌಕಾಪಡೆಯ ಇತಿಹಾಸ ಹೇಳುತ್ತದೆ. ಏಳು ಮಂದಿ ನಾವಿಕರು ಮಡಿದರು. ಮರುದಿನ ದ್ವೀಪ ಕೈಸೇರಿತು.

ಇದನ್ನೆಲ್ಲ ನಮ್ಮ ಬಳಗದ ಸಭೆಯಲ್ಲಿ ಹೇಳಿದಾಗ ಹಿರಿಯ ಉಪಾಧ್ಯಾಯರೊಬ್ಬರು ನಕ್ಕು, ‘ನಾಲ್ಕನೆಯ ತರಗತಿಗೆ ಇಷ್ಟೊಂದು ವ್ಯಾಜ್ಯವೇಕೆ? ಈಗ ಅಲ್ಲಿ ನಮ್ಮದೇ ನೌಕಾನೆಲೆ ಇದೆಯಲ್ಲ, ಅದು ರಕ್ಷಣೆಯಲ್ಲವೇ?’ ಎಂದರು. ರಕ್ಷಣೆಯೇ ಸರಿ. 2005ರಲ್ಲಿ ‘ಕದಂಬ’ ನೌಕಾನೆಲೆ ಕಾರ್ಯಾರಂಭಿಸಿತು, ಅಲೆತಡೆಯ ಮೂಲಕ ದ್ವೀಪ ದಡಕ್ಕೆ ಜೋಡಿಸಲ್ಪಟ್ಟಿದೆ. ಅಲ್ಲಿ ಯಾರು ಯಾರನ್ನು ಕಾಯುತ್ತಿದ್ದಾರೆಂದು ಕೇಳಿದರೆ ಉತ್ತರವುಂಟು. ಆದರೆ ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಸಮುದ್ರದಂಡೆಗಳನ್ನು ಬಿಟ್ಟೆದ್ದವೆಂಬುದನ್ನೂ ಅದೇ ಉಸಿರಿನಲ್ಲಿ ಮಕ್ಕಳಿಗೆ ಹೇಳಬೇಕು. ‘ಯಾರಿಂದ’ ಎಂಬ ಪ್ರಶ್ನೆಯ ಜೊತೆಗೆ ‘ಯಾರ ಖರ್ಚಿನಲ್ಲಿ’ ಎಂಬುದನ್ನೂ ಕೇಳುವ ಮಗು ನಮಗೆ ಬೇಕು. ಹತ್ತು ವರ್ಷದ ಮಗುವಿಗೆ ಇದು ತಿಳಿಯದೆಂಬ ವಾದವನ್ನು ನಾವು ಒಪ್ಪೆವು. ಪ್ರಶ್ನೆ ಕೇಳಿದವಳೇ ಆ ವಯಸ್ಸಿನವಳು.

ನಮ್ಮ ಸತ್ತರಿ ತಾಲೂಕಿನವರಿಗಂತೂ ಈ ಪಾಠ ಕಷ್ಟವಾಗಕೂಡದು. ವಾಳಪೈಯ ಸಮೀಪದಲ್ಲಿಯೇ ನಾಣೂಸ ಕೋಟೆ ಇದೆ. 1852ರ ಜನವರಿ 26ರಂದು ದೀಪಾಜಿ ರಾಣೆಯವರು ಪೋರ್ತುಗೀಸರಿಂದ ಅದನ್ನು ಕಿತ್ತುಕೊಂಡು, ಮೂರು ವರ್ಷಗಳಿಗೂ ಮೀರಿ ಹೋರಾಟ ನಡೆಸಿದರು. ಅದನ್ನು ಇಲ್ಲಿ ಯಾರೂ ‘ಪೋರ್ತುಗೀಸರ ರಕ್ಷಣಾಕೋಟೆ’ ಎನ್ನುವುದಿಲ್ಲ. ರಾಣೆಯರ ಹೆಸರಿನಿಂದಲೇ ನೆನೆಯುತ್ತಾರೆ. ಮನೆಯ ಬಳಿಯ ಕೋಟೆಗೆ ಒಂದು ನ್ಯಾಯ, ಸಮುದ್ರದ ಕೋಟೆಗೆ ಇನ್ನೊಂದು ನ್ಯಾಯವೇ?

ಅಂಜದೀವ ನೌಕಾಪಡೆಯ ವಶದಲ್ಲಿರುವುದರಿಂದ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮ ಕೈಯಲ್ಲಿಲ್ಲ. ನಾಣೂಸಕ್ಕೆ ಕರೆದೊಯ್ಯಬಹುದು. ಮಳೆ ನಿಂತ ಮೇಲೆ ಒಂದು ಶನಿವಾರ ಹೋಗುವುದೆಂದು ನಿಶ್ಚಯಿಸಿದ್ದೇವೆ. ಅಲ್ಲಿ ಕುಳಿತೇ ಅಂಜದೀವದ ಪಾಠವನ್ನು ಮಾಡುವೆವು. ಈ ಸಲದ ಪ್ರಶ್ನಪತ್ರಿಕೆಯಲ್ಲಿ ‘ಅಂಜದೀವದ ಕೋಟೆಯನ್ನು ಏಕೆ ಕಟ್ಟಿದರು?’ ಎಂಬುದನ್ನು ಹೊಡೆದುಹಾಕಿ, ‘ಯಾರು, ಯಾರಿಂದ, ಯಾರಿಗಾಗಿ?’ ಎಂದು ಬರೆದಿದ್ದೇವೆ. ಅಂಕ ನಾಲ್ಕು. ಒಪ್ಪದ ಉಪಾಧ್ಯಾಯ ಬಂಧುಗಳು ಮುಂದಿನ ಸಂಚಿಕೆಯಲ್ಲಿ ಉತ್ತರಿಸಬಹುದು. ನಮ್ಮ ಬಾಲಕಿಗೂ ಆ ಸಂಚಿಕೆಯನ್ನು ಓದಲು ಕೊಡುವೆವು.