ದಾನಿಗೆ ಸನ್ಮಾನ, ಸರ್ಕಾರಕ್ಕೆ ಮಾಫಿ

ವಿಶೇಷ ಮಕ್ಕಳ ಶಾಲೆಯೊಂದು ಮುಚ್ಚುವ ಹಂತಕ್ಕೆ ಬಂದು ಹೇಗೋ ಬದುಕಿಕೊಂಡಿತು ಎಂಬ ಸುದ್ದಿಯ ಜೊತೆಗೆ ಒಂದು ಫೋಟೊ ಇದ್ದೇ ಇರುತ್ತದೆ. ಶಾಲು ಹೊದ್ದ ದಾನಿ, ಕೈಯಲ್ಲಿ ಚೆಕ್ಕು, ಪಕ್ಕದಲ್ಲಿ ಗಾಲಿಕುರ್ಚಿಯ ಮಗು. ಅನುದಾನ ಬಾಕಿ ಉಳಿಸಿಕೊಂಡ ಸರ್ಕಾರದವರು ಆ ಫೋಟೊದಲ್ಲಿ ಇರುವುದಿಲ್ಲ. ಇದ್ದರೆ ಮುಖ್ಯ ಅತಿಥಿಯಾಗಿ ಇರುತ್ತಾರೆ.

ಇಂಥ ಸಂಸ್ಥೆ ಮುಗ್ಗರಿಸಿದರೆ ಮೊದಲು ಕೇಳಿಬರುವ ಮಾತು ‘ಲೆಕ್ಕ ಸರಿ ಇಟ್ಟಿಲ್ಲ’ ಎಂಬುದು. ಕೆಲವು ಕಡೆ ಅದು ನಿಜವೂ ಹೌದು. ಆದರೆ ಅನುದಾನದ ದಾರಿಯನ್ನೊಮ್ಮೆ ನೋಡಬೇಕು. ಕೇಂದ್ರದ ದೀನದಯಾಳ ಅಂಗವಿಕಲರ ಪುನರ್ವಸತಿ ಯೋಜನೆಯಲ್ಲಿ ಒಪ್ಪಿತ ಖರ್ಚಿನ ಶೇ. 90ರವರೆಗೂ ನೆರವಿದೆ. ಅದಕ್ಕೆ ಅರ್ಜಿ ಹಾಕಲು ಸಂಸ್ಥೆ ಮೊದಲು ಎರಡು ವರ್ಷ ಸ್ವಂತ ಬಲದಲ್ಲಿ ನಡೆದಿರಬೇಕು. ಆಮೇಲೆ ಇ-ಅನುದಾನ ಪೋರ್ಟಲ್ಲಿಗೆ ಕಾಗದಪತ್ರ, ಜಿಲ್ಲೆಯಿಂದ ತಪಾಸಣೆ, ರಾಜ್ಯದ ಶಿಫಾರಸು, ದಿಲ್ಲಿಯ ಮಂಜೂರಾತಿ, ಲೆಕ್ಕ ಪರಿಶೋಧಕರ ಸಹಿ ಬಿದ್ದ ಬಳಕೆ ಪ್ರಮಾಣಪತ್ರ. ಒಂದು ಮೇಜಿನ ಮೇಲೆ ಕಡತ ಕೂತರೆ ಉಳಿದ ಮೇಜುಗಳೆಲ್ಲ ಖಾಲಿ. ಅಷ್ಟರಲ್ಲಿ ಶಿಕ್ಷಕಿಗೆ ಸಂಬಳ, ಆಯಾಗೆ ಕೂಲಿ, ಕಟ್ಟಡಕ್ಕೆ ಬಾಡಿಗೆ ಕೊಡಲೇಬೇಕು. ಕೊಡುವವರು ಯಾರು? ಟ್ರಸ್ಟಿಯ ಒಡವೆ, ಕೈಸಾಲ, ಇಲ್ಲವೇ ಶಿಕ್ಷಕಿಯ ತಾಳ್ಮೆ. ಸರ್ಕಾರಕ್ಕೆ ಬಡ್ಡಿಯಿಲ್ಲದ ಸಾಲ ಕೊಡುತ್ತಿರುವವಳು ಆ ಶಿಕ್ಷಕಿ.

ಇದನ್ನು ದಾನ ಎನ್ನುವುದೇ ತಪ್ಪು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಕಲಂ ಸ್ಪಷ್ಟವಾಗಿದೆ: ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲೋ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಹಕ್ಕಿದೆ. ಹಕ್ಕು ಕೊಟ್ಟವರು ಶಾಲೆ ಕಟ್ಟಲಿಲ್ಲ. ಕಟ್ಟಿದವರು ಹುಂಡಿ ಇಟ್ಟುಕೊಂಡು ಕೂತಿದ್ದಾರೆ. ಸಾಮಾನ್ಯ ಶಾಲೆಗೆ ಹೋಗುವ ಅಂಗವಿಕಲ ಮಗುವಿಗೆ ಸಮಗ್ರ ಶಿಕ್ಷಾ ಯೋಜನೆ ನಿಗದಿ ಮಾಡಿರುವುದು ವರ್ಷಕ್ಕೆ 3,500 ರೂಪಾಯಿ. ದಿನಕ್ಕೆ ಹತ್ತು ರೂಪಾಯಿಯೂ ಆಗಲಿಲ್ಲ. ವಿಶೇಷ ಶಿಕ್ಷಕರ ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಎಂದು ರಾಜ್ಯಗಳಿಗೆ ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ತಾಕೀತು ಮಾಡಬೇಕಾಯಿತು. ಕಾಯ್ದೆ ಬಂದು ಎಂಟು ವರ್ಷ ಕಳೆದ ಮೇಲೆ!

‘ಕಷ್ಟಕಾಲಕ್ಕೆ ನಾಲ್ಕು ಕಾಸು ಕೂಡಿಡಬಾರದಿತ್ತೇ’ ಎನ್ನುವ ಬುದ್ಧಿವಂತರೂ ಇದ್ದಾರೆ. ಲಂಡನ್ನಿನ ಕಿಡ್ಸ್ ಕಂಪನಿ ಎಂಬ ಮಕ್ಕಳ ಸಂಸ್ಥೆ 2015ರ ಆಗಸ್ಟಿನಲ್ಲಿ ಬಾಗಿಲು ಹಾಕಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. ನಮ್ಮಲ್ಲಿ ಕೂಡಿಡುವುದೂ ಸುಲಭವಲ್ಲ. ತೆರಿಗೆ ವಿನಾಯಿತಿ ಬೇಕಾದರೆ ಟ್ರಸ್ಟು ಆದಾಯದ ಶೇ. 85 ಭಾಗವನ್ನು ಆಯಾ ವರ್ಷವೇ ಖರ್ಚು ಮಾಡಬೇಕು. ಅದಕ್ಕಿಂತ ಹೆಚ್ಚು ಉಳಿಸಲು ಉದ್ದೇಶ ಬರೆದುಕೊಟ್ಟು ಐದು ವರ್ಷದ ಗಡುವಿಗೆ ಒಪ್ಪಬೇಕು. ವಿದೇಶಿ ದೇಣಿಗೆಯ ಕತೆ ಇನ್ನೊಂದು. ಅದರ ಕಾಯ್ದೆಗೆ ಬಂದ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆ ತನಗೆ ಬಂದ ಹಣದಲ್ಲಿ ಸಣ್ಣ ಸಂಸ್ಥೆಗೆ ಪಾಲು ಕೊಡುವುದನ್ನೂ ನಿಷೇಧಿಸಿತು. ಬೆಂಗಳೂರು, ಮುಂಬಯಿಗಳಿಂದ ತಾಲೂಕಿಗೆ ಹರಿಯುತ್ತಿದ್ದ ಸಣ್ಣ ಕಾಲುವೆ ಅಲ್ಲಿಗೆ ಬತ್ತಿತು.

ಆಡಳಿತ ವೆಚ್ಚ ಎಂಬ ಮಾತು ಕೇಳಿದರೆ ದಾನಿಗಳಿಗೂ ಮೈ ಉರಿಯುತ್ತದೆ. ಗಾಲಿಕುರ್ಚಿಗೆ ಹಣ ಕೊಡುತ್ತಾರೆ, ಅದರ ಬೆನ್ನಿಗೆ ಹೆಸರು ಬರೆಸುತ್ತಾರೆ. ಡೀಸೆಲ್ಲಿಗೆ ಕೊಡುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಹತ್ತು ವರ್ಷದ ಹುಡುಗನನ್ನು ತಾಯಿ ಸೊಂಟದ ಮೇಲೆ ಹೊತ್ತು ಬಸ್ಸು ಹತ್ತಲಾರಳು. ವ್ಯಾನು ಬಂದರೆ ಆ ಹುಡುಗನಿಗೆ ಶಾಲೆ ಉಂಟು, ಬರದಿದ್ದರೆ ಇಲ್ಲ. ಹಣ ನಿಂತಾಗ ಮೊದಲು ನಿಲ್ಲುವುದು ಆ ವ್ಯಾನೇ. ತಿಂಗಳುಗಟ್ಟಲೆ ವ್ಯಾಯಾಮ ತಪ್ಪಿದ ಕಾಲು ಮತ್ತೆ ಸೆಟೆದುಕೊಳ್ಳುತ್ತದೆ. ಸಂಸ್ಥೆಯ ಲೆಕ್ಕಪತ್ರ ಮುಂದಿನ ವರ್ಷ ಸರಿಹೋದೀತು, ಆ ಕಾಲಿಗೆ ಕಳೆದುಹೋದ ವರ್ಷ ವಾಪಸು ಬರುವುದಿಲ್ಲ. ‘ಚೇತರಿಕೆ’ಯ ಸುದ್ದಿ ಬರೆಯುವವರು ಇದನ್ನು ಬರೆಯುವುದಿಲ್ಲ.

ಈಗ ಮಹಾರಾಷ್ಟ್ರದ ಗಡಿಯ ಕಡೆಗೆ ಬರೋಣ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಬರದ ಸೀಮೆ, ಕನ್ನಡದ ಸೀಮೆ. ಜಿಲ್ಲಾ ಕೇಂದ್ರಕ್ಕಿಂತ ವಿಜಯಪುರವೇ ಹತ್ತಿರವಾದ ಊರುಗಳು ಇಲ್ಲಿವೆ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಈ ತಾಲೂಕಿನ ಹಳ್ಳಿಗಳು ಕರ್ನಾಟಕ ಸೇರುವ ನಿರ್ಣಯ ಮಾಡಿದ್ದನ್ನು ಎತ್ತಿದರು. ಮಹಾರಾಷ್ಟ್ರದಲ್ಲಿರುವ ಕನ್ನಡ ಶಾಲೆಗಳಿಗೆ ಅನುದಾನವನ್ನೂ ಘೋಷಿಸಿದರು. ಆ ನಿರ್ಣಯ 2012ರದು, ಒಂದು ಹಳ್ಳಿಯೂ ಹೋಗದು ಎಂದು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ ಉತ್ತರಿಸಿದರು. ಮಹಾರಾಷ್ಟ್ರ ಅದೇ ಡಿಸೆಂಬರಿನಲ್ಲಿ ಅಂಗವಿಕಲರಿಗೆಂದೇ ದಿವ್ಯಾಂಗ ಕಲ್ಯಾಣ ಇಲಾಖೆ ತೆರೆಯಿತು. 2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ನೇಮಿಸಿದ್ದಕ್ಕೆ ಮತ್ತೆ ಗದ್ದಲವಾಯಿತು. ಗದ್ದಲ ನ್ಯಾಯವಾದದ್ದೇ. ಆದರೆ ಇಷ್ಟೆಲ್ಲ ಮಾತಿನಲ್ಲಿ ಮಾತೇ ಬಾರದ ಮಗುವಿನ ಪ್ರಸ್ತಾಪ ಎಲ್ಲಿ ಬಂತು? ಮನೆಯಲ್ಲಿ ‘ಅವ್ವಾ, ನೀರ ಕೊಡು’ ಎಂಬುದನ್ನು ಕೇಳಿ ಬೆಳೆಯುವ ಕೂಸಿಗೆ ‘ಆಯಿ, ಪಾಣಿ ದೇ’ ಎಂದು ವಾಕ್ ಚಿಕಿತ್ಸೆ ಕೊಟ್ಟರೆ ಅದು ಸಾಂಗಲಿಯಲ್ಲಿ ಕಲಿತದ್ದು ಮನೆಯಲ್ಲಿ ಯಾರಿಗೂ ಬೇಡ. ಕಂಪನಿಗಳ ಸಿಎಸ್‌ಆರ್ ಹಣವೂ ಇತ್ತ ಸುಳಿಯುವುದು ಕಷ್ಟ. ಲಾಭದ ಶೇ. 2ನ್ನು ಖರ್ಚು ಮಾಡುವಾಗ ತಾವು ಕೆಲಸ ಮಾಡುವ ಪ್ರದೇಶಕ್ಕೇ ಆದ್ಯತೆ ಕೊಡಿ ಎಂದು ಕಾಯ್ದೆಯೇ ಹೇಳುತ್ತದೆ. ಕಾರ್ಖಾನೆ ಇಲ್ಲದ ಊರಿಗೆ ಆದ್ಯತೆಯೂ ಇಲ್ಲ.

ಗಡಿಯ ಇನ್ನೊಂದು ತುದಿ ಕಾಸರಗೋಡು. ಅಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಕೇರಳ ಸರ್ಕಾರದ್ದೇ ತೋಟ ನಿಗಮ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು, ಮೂರು ತಿಂಗಳ ಗಡುವು ಕೊಟ್ಟಿತು. ಐದು ವರ್ಷದ ಮೇಲೆ, 2022ರ ಮೇ ತಿಂಗಳಲ್ಲಿ ನೋಡಿದರೆ 3,704 ಮಂದಿಯಲ್ಲಿ ಹಣ ಮುಟ್ಟಿದ್ದು 8 ಮಂದಿಗೆ. ಅದೇ ಅಕ್ಟೋಬರಿನಲ್ಲಿ ಎಂಬತ್ತು ದಾಟಿದ ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ ತಿರುವನಂತಪುರದಲ್ಲಿ ಉಪವಾಸ ಕೂತರು. ಬೇಡಿಕೆಗಳಲ್ಲಿ ಒಂದು, ಈ ಮಕ್ಕಳಿಗೆ ಹಗಲು ಆರೈಕೆ ಕೇಂದ್ರಗಳು. ಕೊಡಬೇಕಾದ ಹಣವನ್ನು ಕೋರ್ಟು ಹೇಳಿದರೂ ಕೊಡದವರು, ಟ್ರಸ್ಟೊಂದು ಅರ್ಜಿ ಬರೆದರೆ ಕೊಡುತ್ತಾರೆಯೇ?

‘ಬೋಗಸ್ ಸಂಸ್ಥೆಗಳಿವೆ, ಅದಕ್ಕೇ ತಪಾಸಣೆ, ಅದಕ್ಕೇ ತಡ’ ಎಂಬುದು ಇಲಾಖೆಗಳ ಖಾಯಂ ಸಮಜಾಯಿಷಿ. ಬೋಗಸ್ ಇಲ್ಲವೆಂದಲ್ಲ. ಛತ್ತೀಸಗಢದಲ್ಲಿ ಅಂಗವಿಕಲರ ಹೆಸರಿನ ಸಂಸ್ಥೆ ಬರೀ ಕಾಗದದ ಮೇಲಿತ್ತು ಎಂಬ ಆರೋಪದ ಬಗ್ಗೆ ಅಲ್ಲಿನ ಹೈಕೋರ್ಟ್ 2020ರಲ್ಲಿ ಸಿಬಿಐ ತನಿಖೆಗೆ ಆದೇಶಿಸಿತು. ಆರೋಪ ಇದ್ದದ್ದು ಹಿರಿಯ ಅಧಿಕಾರಿಗಳ ಮೇಲೆ. ಒಂದು ಮಾತು ಯೋಚಿಸಿ: ಕಾಗದದ ಸಂಸ್ಥೆಗೆ ಹಣ ತಡವಾದರೆ ನಷ್ಟವೇನು? ಅದಕ್ಕೆ ಸಂಬಳ ಕೊಡುವ ಶಿಕ್ಷಕಿಯಿಲ್ಲ, ವ್ಯಾನಿಲ್ಲ, ಊಟಕ್ಕೆ ಕಾಯುವ ಮಗುವಿಲ್ಲ. ಅದು ಮೂರು ವರ್ಷ ಬೇಕಾದರೂ ಕಾಯುತ್ತದೆ. ವಿಳಂಬದಿಂದ ಸಾಯುವುದು ನಿಜವಾದ ಸಂಸ್ಥೆ ಮಾತ್ರ. ಕಳ್ಳನನ್ನು ಹಿಡಿಯಬೇಕಾದರೆ ಹೇಳದೆ ಕೇಳದೆ ಹೋಗಿ ಮಕ್ಕಳ ತಲೆ ಎಣಿಸಲಿ. ಹಾಗೆ ಎಣಿಸಲು ಒಂದು ಹಗಲು ಸಾಕು.

ಹಣವಿಲ್ಲ ಎಂಬ ಮಾತಂತೂ ಬೇಡ. ಕರ್ನಾಟಕ–ಮಹಾರಾಷ್ಟ್ರ ಗಡಿ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದಕ್ಕೆ ನೇಮಿಸಿದ ವಕೀಲರ ತಂಡಕ್ಕೆ ಕರ್ನಾಟಕ 2023ರಲ್ಲಿ ದಿನಕ್ಕೆ ಸುಮಾರು 60 ಲಕ್ಷ ರೂಪಾಯಿ ಶುಲ್ಕ ಗೊತ್ತುಮಾಡಿತು. 3,500ರ ಲೆಕ್ಕದಲ್ಲಿ ಅದು 1,700 ಮಕ್ಕಳ ಒಂದು ವರ್ಷ. ವಾದ ಮಾಡಲಿ, ಬೇಡವೆನ್ನುವವರಿಲ್ಲ. ಜತ್ತ ಮಹಾರಾಷ್ಟ್ರದಲ್ಲೇ ಇರುವುದರಿಂದ ಮೊದಲ ಹೊಣೆ ಮುಂಬಯಿಯದು: ವರ್ಷದ ಮೊದಲ ಕಂತು ಜೂನಿನಲ್ಲಿ ಶಾಲೆ ತೆರೆಯುವ ಮುಂಚೆ ಸಂಸ್ಥೆಯ ಖಾತೆಗೆ ಬರಲಿ, ತಡವಾದರೆ ಬಡ್ಡಿ ಸೇರಿಸಿ ಕೊಡಲಿ. ಬೆಂಗಳೂರು ತನ್ನ ಪಾಲಿಗೆ ಕನ್ನಡ ಬಲ್ಲ ವಾಕ್ ಚಿಕಿತ್ಸಕರನ್ನು ವಿಜಯಪುರದಿಂದ ವಾರಕ್ಕೊಮ್ಮೆ ಕಳಿಸಿಕೊಡಬಹುದು. ಮಾತು ಕಲಿಸುವವರು ಹೋಗಿಬರುವುದಕ್ಕೆ ಗಡಿ ತೀರ್ಮಾನ ಆಗಬೇಕಿಲ್ಲ.