ಕಡಿದ ಧರೆಗೂ ಒಂದು ಲೆಕ್ಕ ಬೇಕು

ಷೇರುಪೇಟೆಯಲ್ಲಿ ಹೆಸರಿರುವ ದೊಡ್ಡ ನಿರ್ಮಾಣ ಕಂಪನಿಗಳು ಈಗ ಪ್ರತಿವರ್ಷ ಹಣದ ಲೆಕ್ಕದ ಜೊತೆಗೆ ನೆಲ-ಜಲದ ಲೆಕ್ಕವನ್ನೂ ಒಪ್ಪಿಸುತ್ತವೆ. ಸೆಬಿ 2021ರಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಸ್ಥಾನಗಳಲ್ಲಿರುವ ಕಂಪನಿಗಳಿಗೆ 2022-23ರ ಹಣಕಾಸು ವರ್ಷದಿಂದ ಸುಸ್ಥಿರತೆಯ ವರದಿ ಕಡ್ಡಾಯವಾಗಿದೆ. ಬಳಸಿದ ನೀರು, ಸುಟ್ಟ ಇಂಧನ, ಹೊರಬಿದ್ದ ತ್ಯಾಜ್ಯ, ಕೆಲಸದಲ್ಲಿ ಗಾಯಗೊಂಡವರ ಸಂಖ್ಯೆ ಎಲ್ಲವೂ ಅದರಲ್ಲಿ ಇರಬೇಕು. ಸ್ವಾಗತಾರ್ಹವೇ. ಆದರೆ ಹೆದ್ದಾರಿಗಳ ಮಾತನ್ನು ಬದಿಗಿಟ್ಟರೆ, ಮಲೆನಾಡಿನ ಗುಡ್ಡಗಳನ್ನು ದಿನನಿತ್ಯ ಕಡಿಯುತ್ತಿರುವುದು ಈ ಸಾವಿರ ಕಂಪನಿಗಳಲ್ಲ. ಒಂದು ಜೆಸಿಬಿ, ಎರಡು ಟಿಪ್ಪರ್, ಇಪ್ಪತ್ತು-ಮೂವತ್ತು ಆಳುಗಳನ್ನು ಇಟ್ಟುಕೊಂಡ ನಮ್ಮದೇ ತಾಲೂಕಿನ ಗುತ್ತಿಗೆದಾರರು ಆ ಕೆಲಸ ಮಾಡುತ್ತಿದ್ದಾರೆ. ಅವರಲ್ಲಿ ಅನೇಕರು ನಮ್ಮ ನೆಂಟರೂ ಹೌದು.

ಇವರ ಮಟ್ಟಿಗೆ ಕಾನೂನು ತಲೆಯ ಮೇಲಿನಿಂದ ಹಾದುಹೋಗುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಟ್ಟಡವೊಂದಕ್ಕೆ ಪೂರ್ವಾನುಮತಿ ಬೇಕಾಗುವುದು ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ತಲುಪಿದಾಗ. ಹೋಂಸ್ಟೇ, ಕಲ್ಯಾಣಮಂಟಪ, ಶಾಲಾ ಕೊಠಡಿ, ಪಂಚಾಯಿತಿ ರಸ್ತೆ ಇವು ಯಾವುವೂ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಬಯಲುಸೀಮೆಗೆ ಈ ಮಿತಿ ಸರಿಯಿರಬಹುದು. ಇಳಿಜಾರಿನ ನೆಲದಲ್ಲಿ ಅದಕ್ಕೆ ಅರ್ಥವಿಲ್ಲ. ಸಣ್ಣದೊಂದು ಲೆಕ್ಕ ಹಾಕಿ ನೋಡೋಣ. ಗುಡ್ಡದ ಬದಿಯಲ್ಲಿ 30 ಮೀಟರ್ ಉದ್ದ, 10 ಮೀಟರ್ ಅಗಲದ ಸಮತಟ್ಟು ಜಾಗ ಬೇಕೆಂದರೆ, ಹಿಂಬದಿಯ ಧರೆ ಕೇವಲ 3 ಮೀಟರ್ ಎತ್ತರವಾದರೂ ಸುಮಾರು 450 ಘನ ಮೀಟರ್ ಮಣ್ಣು ಹೊರಬೀಳುತ್ತದೆ. ಅಗೆದ ಮಣ್ಣು ಸಡಿಲಗೊಂಡು ಕಾಲು ಭಾಗದಷ್ಟಾದರೂ ಉಬ್ಬುತ್ತದೆ. ಅಂದರೆ ಹೆಚ್ಚು ಕಡಿಮೆ ನೂರು ಟಿಪ್ಪರ್ ಮಣ್ಣು. ಒಂದು ಮನೆಗೆ! ಈ ನೂರು ಟಿಪ್ಪರ್ ಎಲ್ಲಿಗೆ ಹೋಯಿತೆಂದು ಯಾವ ಕಡತದಲ್ಲೂ ಬರೆದಿರುವುದಿಲ್ಲ. ಮಳೆಗಾಲ ಬಂದಾಗ ಕೆಳಗಿನ ಹಳ್ಳಕ್ಕೆ ಮತ್ತು ಹಳ್ಳದಾಚೆಯ ಅಡಿಕೆ ತೋಟದವರಿಗೆ ಅದು ಗೊತ್ತಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಅತಿವೃಷ್ಟಿಯ ಜೊತೆಗೆ ಇಳಿಜಾರುಗಳನ್ನು ಮನಬಂದಂತೆ ಕಡಿದದ್ದನ್ನೂ ಕಾರಣವಾಗಿ ಗುರುತಿಸಿದ್ದರು.

ಹಾಗಾದರೆ ಸಣ್ಣ ಗುತ್ತಿಗೆದಾರರಿಂದಲೂ ನೂರಾರು ಪುಟದ ವರದಿ ಬರೆಸಬೇಕೆ? ಖಂಡಿತ ಬೇಡ. ಬರೆಸಿದರೆ ಪಟ್ಟಣದ ಸಲಹೆಗಾರರೊಬ್ಬರು ಹತ್ತು ಜನರಿಗೆ ಒಂದೇ ವರದಿಯನ್ನು ಹೆಸರು ಬದಲಿಸಿ ಮಾರುತ್ತಾರೆ, ಅಷ್ಟೆ. ನಾವು ಕೇಳಬೇಕಾಗಿರುವುದು ಪ್ರತಿ ಕಾಮಗಾರಿಗೆ ಒಂದೇ ಹಾಳೆ, ಕನ್ನಡದಲ್ಲಿ. ಅದಕ್ಕೆ ಬೇಕಾದ ಅಂಕಿಗಳಲ್ಲಿ ಬಹುಪಾಲು ಅವರ ಬಳಿ ಈಗಾಗಲೇ ಇವೆ. ಸಿಮೆಂಟ್ ಚೀಲಗಳ ಲೆಕ್ಕ ಗೋದಾಮಿನ ಪುಸ್ತಕದಲ್ಲಿದೆ. ಡೀಸೆಲ್ಲಿಗೆ ಬಂಕಿನ ಬಿಲ್ಲುಗಳಿವೆ. ಮರಳಿಗೆ ಮತ್ತು ಜಲ್ಲಿಗೆ ಗಣಿ ಇಲಾಖೆಯ ಪರವಾನಗಿ ಚೀಟಿ ಇರಬೇಕು; ಇಲ್ಲವೆಂದಾದರೆ ಅದೇ ಒಂದು ಸುದ್ದಿ. ಆಳುಗಳ ಹಾಜರಿ ಪುಸ್ತಕವೂ ಇದೆ. ಅವರಲ್ಲಿ ಎಷ್ಟು ಮಂದಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಗುರುತಿನ ಚೀಟಿ ಇದೆ ಎಂಬ ಒಂದು ಅಂಕಣವನ್ನು ಸೇರಿಸಿದರಾಯಿತು.

ಇಂಗಾಲದ ಲೆಕ್ಕ ಬೇಕೆನ್ನುವವರಿಗೆ ಅದೂ ಕಷ್ಟವಲ್ಲ. 50 ಕಿಲೋ ಸಿಮೆಂಟ್ ಚೀಲವೊಂದರ ತಯಾರಿಯಲ್ಲಿ ಸ್ಥೂಲವಾಗಿ 30 ಕಿಲೋ, ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಎರಡು ಗುಣಾಕಾರ, ಒಂದು ಕೂಡುವ ಲೆಕ್ಕ. ಜಂಬಿಟ್ಟಿಗೆ ಸಿಗುವ ಊರಿನಲ್ಲಿ ಕಾಂಕ್ರೀಟ್ ಬ್ಲಾಕಿನ ಗೋಡೆ ಏಕೆ ಬೇಕೆಂಬ ಪ್ರಶ್ನೆ ಆಗ ತಾನಾಗಿಯೇ ಏಳಬಹುದು. (ಜಂಬಿಟ್ಟಿಗೆಯ ಹೊಂಡಗಳದ್ದು ಇನ್ನೊಂದು ದೊಡ್ಡ ಕಥೆ; ಇಲ್ಲಿ ಬೇಡ.)

ಆದರೆ ಗುಡ್ಡಸೀಮೆಯ ವರದಿಯ ಜೀವಾಳ ಇಂಗಾಲವಲ್ಲ, ಮಣ್ಣು ಮತ್ತು ನೀರು. ಧರೆಯ ಎತ್ತರ ಎಷ್ಟು, ಅದನ್ನು ಮೆಟ್ಟಿಲಾಗಿ ಕಡಿದರೋ ನೆಟ್ಟಗೆ ನಿಲ್ಲಿಸಿದರೋ, ಮಳೆನೀರು ಹರಿಯಲು ಮೇಲ್ಗಡೆ ಕಾಲುವೆ ಇದೆಯೋ, ಒರತೆಯೇನಾದರೂ ಮುಚ್ಚಿಹೋಯಿತೋ, ಏಪ್ರಿಲ್ ತಿಂಗಳಲ್ಲಿ ಕ್ಯೂರಿಂಗಿಗೆ ನೀರನ್ನು ಯಾವ ಹಳ್ಳದಿಂದ ಎತ್ತಿದರು, ಅಗೆದ ಮಣ್ಣನ್ನು ಯಾವ ಸರ್ವೆ ನಂಬರಿನಲ್ಲಿ ಸುರಿದರು: ಇಷ್ಟು ತಿಳಿದರೆ ಸಾಕು. ಕೊನೆಯದಂತೂ ಸರ್ಕಾರಿ ಕೆಲಸಗಳಲ್ಲಿ ಹಣಕ್ಕೂ ಸಂಬಂಧಿಸಿದ್ದು. ಮಣ್ಣು ಅಗೆತಕ್ಕೆ ಘನ ಮೀಟರ್ ಲೆಕ್ಕದಲ್ಲಿ ಬಿಲ್ಲಾಗುತ್ತದೆ. ಅದನ್ನು ದೂರ ಸಾಗಿಸುವುದಕ್ಕೆ ‘ಲೀಡ್’ ಎಂದು ಪ್ರತ್ಯೇಕ ದರ ಬೀಳುವುದೂ ಉಂಟು. ಮೂರು ಕಿಲೋಮೀಟರಿನ ಲೀಡ್ ಪಡೆದು ಐವತ್ತು ಮೀಟರ್ ಕೆಳಗಿನ ಹಳ್ಳಕ್ಕೆ ತಳ್ಳಿದರೆ, ಕೆಟ್ಟದ್ದು ಪರಿಸರ ಮಾತ್ರವಲ್ಲ, ಲೂಟಿಯಾದದ್ದು ಸಾರ್ವಜನಿಕರ ಹಣ ಕೂಡ.

ಗುತ್ತಿಗೆದಾರರನ್ನಷ್ಟೇ ದೂರುವುದು ನ್ಯಾಯವಲ್ಲ. ಅತಿ ಕಡಿಮೆ ದರ ಬರೆದವನಿಗೇ ಕೆಲಸ ಸಿಗುವ ಪದ್ಧತಿಯಲ್ಲಿ, ಮಣ್ಣನ್ನು ಸರಿಯಾದ ಜಾಗಕ್ಕೆ ಸಾಗಿಸಿ ತಡೆಗೋಡೆ ಕಟ್ಟುವವನು ಟೆಂಡರಿನಲ್ಲಿ ಸೋಲುತ್ತಾನೆ. ಆದ್ದರಿಂದ ಈ ಹಾಳೆಯನ್ನು ಕೇಳಬೇಕಾದವರು ಕೆಲಸ ಕೊಡುವವರು. ಲೋಕೋಪಯೋಗಿ ಇಲಾಖೆ, ಪಂಚಾಯಿತಿ, ಸಾಲ ಕೊಡುವ ಸಹಕಾರಿ ಬ್ಯಾಂಕು, ಹೋಂಸ್ಟೇ ಕಟ್ಟಿಸುವ ತೋಟದ ಮಾಲೀಕರು. ಮಣ್ಣಿನ ವಿಲೇವಾರಿ ಮತ್ತು ಧರೆಯ ರಕ್ಷಣೆ ಅಂದಾಜುಪಟ್ಟಿಯಲ್ಲೇ ಬೇರೆ ಬಾಬ್ತಾಗಿ ಇರಬೇಕು, ಹಾಳೆ ಒಪ್ಪಿಸದೆ ಕೊನೆಯ ಬಿಲ್ಲು ಪಾಸಾಗಬಾರದು. ಪ್ರಾಮಾಣಿಕವಾಗಿ ಕೆಲಸ ಮಾಡುವ ಗುತ್ತಿಗೆದಾರನಿಗೆ ಇದರಿಂದ ಲಾಭವೇ ಹೆಚ್ಚು.

ಸುಳ್ಳು ಬರೆದರೆ ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ. ದೊಡ್ಡ ಕಂಪನಿಯ ವರದಿಯನ್ನು ಪರಿಶೀಲಿಸಲು ಲೆಕ್ಕಪರಿಶೋಧಕರು ಬೇಕು. ಈ ಹಾಳೆಗೆ ಊರಿನವರೇ ಸಾಕು. ಕೆಲಸದ ಜಾಗದ ಫಲಕದ ಮೇಲೆ ಅದನ್ನು ಅಂಟಿಸಲಿ, ಗ್ರಾಮಸಭೆಯಲ್ಲಿ ಓದಲಿ. ಟಿಪ್ಪರ್ ಯಾವ ರಸ್ತೆಯಲ್ಲಿ ಎಷ್ಟು ಸಲ ಹೋಯಿತೆಂಬುದು ಬಸ್ ನಿಲ್ದಾಣದ ಗೂಡಂಗಡಿಯವರಿಗೆ ತಿಳಿಯದ ವಿಷಯವೇನಲ್ಲ.

ಸಂಗಾತಿಗಳು ತಮ್ಮ ತಮ್ಮ ಪಂಚಾಯಿತಿಗಳಲ್ಲಿ ಈ ಬೇಡಿಕೆಯನ್ನು ಮಳೆಗಾಲಕ್ಕೆ ಮುಂಚೆಯೇ ಇಡಬೇಕು. ಧರೆ ಕಡಿಯುವ ಕೆಲಸ ಬಿರುಸಾಗಿ ನಡೆಯುವುದು ಜನವರಿಯಿಂದ ಮೇ ತಿಂಗಳವರೆಗೆ. ಜೂನ್ ಕಳೆದ ಮೇಲೆ ಅಳತೆ ಮಾಡಲು ಹೋದರೆ ಮಣ್ಣು ಅಲ್ಲಿರುವುದಿಲ್ಲ.