ಕುಡಿಯದವರ ಲಿವರಿಗೂ ಕೊಬ್ಬು

ನಮ್ಮ ಉಮದಿ ಕಡೆ ‘ಲಿವರ್ ಕೆಟ್ಟೈತಿ’ ಅಂದರೆ ಮಂದಿ ಮೊದಲು ಕೇಳುವುದು, ‘ಕುಡೀತಿದ್ದನೇನು?’ ಈ ಮಾತಿಗೆ ಅಂಜಿ ರಿಪೋರ್ಟನ್ನೇ ಮುಚ್ಚಿಡುವವರಿದ್ದಾರೆ. ಆದರೆ ತೊಟ್ಟು ಸೆರೆ ಮುಟ್ಟದವರ ಲಿವರಿನಲ್ಲೂ ಕೊಬ್ಬು ಕೂಡುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು.

ಕನ್ನಡದ ‘ಕೊಬ್ಬು’, ತೆಲುಗಿನ ‘ಕೊವ್ವು’ ಎರಡಕ್ಕೂ ಸೊಕ್ಕು ಎಂಬ ಅರ್ಥವೂ ಉಂಟು. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಅನಿಸುವುದು, ಲಿವರಿನ ಕೊಬ್ಬಿಗೆ ಮಾತ್ರ ಸದ್ದಿಲ್ಲ. ನೋವು ಕೊಡದೆ ವರ್ಷಗಟ್ಟಲೆ ಕೂತು, ಕೆಲವರಲ್ಲಿ ಲಿವರನ್ನೇ ಗಡಸು ಮಾಡುತ್ತದೆ.

ನಾವು ನುಂಗುವ ಮೆಟ್‌ಫಾರ್ಮಿನ್ ಸಕ್ಕರೆ ಇಳಿಸುತ್ತದೆ, ಈ ಕೊಬ್ಬನ್ನು ಅಷ್ಟಾಗಿ ಇಳಿಸದು. ಗುರುಗ್ರಾಮದ ಮೇದಾಂತ ಆಸ್ಪತ್ರೆಯ ವೈದ್ಯರು 50 ಸಕ್ಕರೆ ರೋಗಿಗಳ ಮೇಲೆ ನಡೆಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಮಾಮೂಲು ಔಷಧದ ಜೊತೆ ಎಂಪಾಗ್ಲಿಫ್ಲೋಜಿನ್ ಗುಳಿಗೆ ತಗೊಂಡವರಲ್ಲಿ 20 ವಾರಕ್ಕೆ ಲಿವರಿನ ಕೊಬ್ಬು ಶೇ. 16.2ರಿಂದ 11.3ಕ್ಕೆ ಇಳಿಯಿತು, ಉಳಿದವರಲ್ಲಿ 16.4ರಿಂದ 15.5ಕ್ಕೆ ಮಾತ್ರ. ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಗುಳಿಗೆ ಇದು. ಒಂದಕ್ಕೆ ಸುಮಾರು 60 ರೂಪಾಯಿ ಇತ್ತು. 2025ರ ಮಾರ್ಚಿನಲ್ಲಿ ಪೇಟೆಂಟ್ ಮುಗಿದ ಮೇಲೆ ಹತ್ತು ರೂಪಾಯಿಯೊಳಗೂ ಸಿಗುತ್ತದೆ.

ಹಾಗಂತ ವಿಜಾಪುರಕ್ಕೋ ಸೊಲ್ಲಾಪುರಕ್ಕೋ ಮಾಲು ಹೇರಿಕೊಂಡು ಹೋದಾಗ ಅಂಗಡಿಯಲ್ಲಿ ಕೇಳಿ ತರುವ ಗುಳಿಗೆ ಇದಲ್ಲ. ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಮೈಯ ನೀರು ಆರಬಹುದು. ಮೂತ್ರದ ದಾರಿಯಲ್ಲಿ ತುರಿಕೆ ಬರಬಹುದು. ಏಕಾದಶಿ, ರೋಜಾ, ವಾಂತಿಭೇದಿ ಇದ್ದಾಗ ಏನು ಮಾಡಬೇಕೆಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಹಳೆಯ ಅಗ್ಗದ ಪಯೋಗ್ಲಿಟಜೋನ್ ಕೂಡ ಈ ಕೊಬ್ಬು ಕರಗಿಸುತ್ತದೆ. ಆದರೆ ತೂಕ ಏರಿಸುತ್ತದೆ, ಕಾಲು ಬಾಯಿಸುತ್ತದೆ, ಹೃದಯ ಸೋತವರಿಗೆ ಸಲ್ಲದು. ಯಾವ ಗುಳಿಗೆ ನುಂಗಿದರೂ ಬಾಯಿ ಕಟ್ಟಬೇಕು, ತೂಕ ಇಳಿಸಬೇಕು.

ಕೇಂದ್ರ ಸರಕಾರ 2021ರಲ್ಲೇ ಈ ರೋಗವನ್ನು ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಕ್ಕೆ ಸೇರಿಸಿದೆ. ಹಾಗಿದ್ದ ಮೇಲೆ ಸಕ್ಕರೆ ತಪಾಸಣೆಯ ಶಿಬಿರಗಳು ಬೆರಳಿಗೆ ಸೂಜಿ ಚುಚ್ಚಿ ಮುಗಿಯಬಾರದು. ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಎಣಿಕೆ, ಇವಕ್ಕೆ ವಯಸ್ಸು ಕೂಡಿಸಿದರೆ ಲಿವರು ಗಡಸಾಗುವ ಅಪಾಯದ ಲೆಕ್ಕ ಸಿಗುತ್ತದೆ. ದೊಡ್ಡ ಮಿಷನ್ನು ಬೇಕಿಲ್ಲ. ಗಡಿಯ ಎರಡೂ ಕಡೆಯ ಸರಕಾರಿ ದವಾಖಾನೆಗಳಲ್ಲಿ ಈ ತಪಾಸಣೆ ಆಗಲಿ. ಸಲಹೆಯ ಚೀಟಿ ಕನ್ನಡ, ಮರಾಠಿ ಎರಡರಲ್ಲೂ ಇರಲಿ.

ನಾವು ಮಾಡಬೇಕಾದದ್ದು ಇಷ್ಟೇ: ‘ಕುಡೀತಿದ್ದನೇನು?’ ಅನ್ನುವುದನ್ನು ಬಿಟ್ಟು, ‘ಲಿವರ್ ತೋರಿಸಿದಿಯೇನಪ್ಪಾ?’ ಎಂದು ಕೇಳಬೇಕು.